ಪಯಣಿಗನ ಜ್ವರ

(ಬಾನುಲಿ ಭಾಷಣದ ಬರಹರೂಪ)

ನನ್ನ ಸೋದರಳಿಯನೊಬ್ಬ ಸಕ್ಕರೆ ಕಾರ್ಖಾನೆಯೊಂದರ ಯಂತ್ರಗಳನ್ನು ಕೂಡಿಸುವ ಕೆಲಸಕ್ಕಾಗಿ ಆಫ್ರಿಕದ ಉಗಾಂಡಕ್ಕೆ ಹೋಗಿ ಮೂರು ತಿಂಗಳಿದ್ದು ಬಂದ. ಹೊರಡುವ ಮುನ್ನ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಅದರ ಪುಟ್ಟ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನೊಡನೆ ಜೋಪಾನವಾಗಿ ಇಟ್ಟುಕೊಂಡಿದ್ದ. ಅದು ಕಾಯಿದೆಯ ಮಾತು. ಮಲೇರಿಯಾ ಬಾರದಿರಲೆಂದು ದಿನಕ್ಕೊಂದರಂತೆ ನುಂಗಬೇಕಾದ ಮಾತ್ರೆಗಳನ್ನೂ ವೈದ್ಯರು ಬರೆದುಕೊಟ್ಟಿದ್ದರು; ಊರಿಗೆ ಮರಳಿದ ಮೇಲೂ ನಾಲ್ಕು ವಾರ ಬಿಡದೆ ನುಂಗಬೇಕೆಂದು ಒತ್ತಿ ಹೇಳಿದ್ದರು. ಅದು ಬರಿಯ ಬುದ್ಧಿಮಾತು. ಕಾಯಿದೆಯ ಮಾತಿಗೆ ತಲೆಬಾಗುವ ನಾವು ಬುದ್ಧಿಮಾತಿಗೆ ತಲೆದೂಗಿ ಸುಮ್ಮನಾಗುತ್ತೇವೆ. ಹುಡುಗನೂ ಹಾಗೆಯೇ ಮಾಡಿದ. ಊರಿಗೆ ಬಂದ ದಿನವೇ ಮಾತ್ರೆಯ ಡಬ್ಬಿ ಕಪಾಟು ಸೇರಿತು. ನಾನು ಕೇಳಿದಾಗ, ‘ಊರು ಮುಟ್ಟಿದ ಮೇಲೆ ಇನ್ನೇತರ ಮಾತ್ರೆ, ಮಾವ?’ ಎಂದು ನಕ್ಕ.

ಹನ್ನೆರಡನೆಯ ದಿನ ಜ್ವರ ಬಂತು. ಮನೆಯ ಹತ್ತಿರದ ದವಾಖಾನೆಯಲ್ಲಿ ಹವಾ ಬದಲಾದದ್ದರಿಂದ ಬಂದ ಜ್ವರವೆಂದು ಮಾತ್ರೆ ಕೊಟ್ಟು ಕಳುಹಿಸಿದರು. ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಹುಡುಗ ಮಾತು ತಡವರಿಸತೊಡಗಿದಾಗ ನನ್ನ ತಂಗಿ ಗಾಬರಿಯಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ತರುಣ ವೈದ್ಯೆ ಕೇಳಿದ ಮೊದಲ ಪ್ರಶ್ನೆ ‘ಎಲ್ಲಿಂದ ಬಂದಿರಿ?’ ಎಂಬುದು. ‘ಇಲ್ಲೇ ಪಕ್ಕದ ಬಡಾವಣೆ’ ಎಂದಳು ತಂಗಿ. ‘ಅದಲ್ಲ ಅಮ್ಮ, ಇವರು ಈಚೆಗೆ ಬೇರೆ ಊರಿಗೆ ಹೋಗಿದ್ದರೆ?’ ಎಂದು ಆಕೆ ಮತ್ತೆ ಕೇಳಿದಳು. ಆ ಎರಡನೆಯ ಪ್ರಶ್ನೆ ಹುಡುಗನನ್ನು ಉಳಿಸಿತು. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದಾಗ ಕಂಡದ್ದು ಫಾಲ್ಸಿಪಾರಂ, ಮಲೇರಿಯಾದಲ್ಲೆಲ್ಲ ಅತಿ ಮಾರಕವಾದ ಬಗೆ.

ಅವನು ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಆದರೆ ಆ ಮೂರು ದಿನಗಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ಪಯಣಕ್ಕೂ ಜ್ವರಕ್ಕೂ ಇರುವ ನಂಟು ಮನುಷ್ಯನಿಗೆ ಎಂದಿನಿಂದ ಗೊತ್ತು? ಗೊತ್ತಿದ್ದೂ ಅವನೇಕೆ ಮರೆಯುತ್ತಾನೆ? ಈ ಪ್ರಶ್ನೆಗಳ ಬೆನ್ನುಹತ್ತಿ ನಾನು ಓದಿ ತಿಳಿದುಕೊಂಡ ಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಚಳಿಜ್ವರ ನಮಗೆ ಹೊಸದಲ್ಲ. ಚರಕ ಸುಶ್ರುತರ ಕಾಲದಿಂದಲೂ ನಮ್ಮ ವೈದ್ಯರು ವಿಷಮಜ್ವರವೆಂಬ ಹೆಸರಿನಲ್ಲಿ ಬಿಟ್ಟು ಬಿಟ್ಟು ಬರುವ ಜ್ವರಗಳನ್ನು ಗುರುತಿಸಿದ್ದರು. ದಿನ ಬಿಟ್ಟು ದಿನ ಬರುವುದನ್ನು ತೃತೀಯಕವೆಂದೂ ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ಕರೆದಿದ್ದರು. ಯಾವ ದಿನ ನಡುಕ ಬರುತ್ತದೆಂಬುದನ್ನು ಅವರು ಎಣಿಸಿ ಹೇಳಬಲ್ಲವರಾಗಿದ್ದರು. ಏಕೆ ಬರುತ್ತದೆಂಬುದು ಮಾತ್ರ ತಿಳಿದಿರಲಿಲ್ಲ. ಇಟಲಿಯವರು ಜೌಗುನೆಲದ ಕೆಟ್ಟ ಗಾಳಿಯೇ ಕಾರಣವೆಂದು ಬಗೆದು ಆ ಜ್ವರಕ್ಕೆ ‘ಕೆಟ್ಟ ಗಾಳಿ’ ಎಂದೇ ಹೆಸರಿಟ್ಟರು. ಮಲೇರಿಯಾ ಎಂಬ ಮಾತಿನ ಅರ್ಥ ಅಷ್ಟೇ. ನಮ್ಮವರು ನೀರನ್ನು ದೂರಿದರು, ಕಾಡನ್ನು ದೂರಿದರು, ಊರನ್ನೇ ದೂರಿದರು. ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಿದ್ದರು. ಸೂಪಾ, ಯಲ್ಲಾಪುರಗಳ ಕಡೆಗೆ ವರ್ಗವಾದ ಗುಮಾಸ್ತನ ಮನೆಯಲ್ಲಿ ಅಳು ಏಳುತ್ತಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಇಪ್ಪತ್ತನೆಯ ಶತಮಾನದ ಆರಂಭದ ಜನಗಣತಿಗಳಲ್ಲಿ ಮೈಸೂರು ಸಂಸ್ಥಾನದ ಮಲೆನಾಡಿನ ಕೆಲವು ತಾಲ್ಲೂಕುಗಳ ಜನಸಂಖ್ಯೆ ಏರುವ ಬದಲು ಇಳಿಯುತ್ತಿದ್ದುದನ್ನು ಕಂಡು ಸರ್ಕಾರವೇ ಚಿಂತೆಗೊಳಗಾಗಿತ್ತು.

ಊರನ್ನು ದೂರುವುದರಲ್ಲಿ ಒಂದು ಸತ್ಯಾಂಶವೂ ಇತ್ತು. ಆ ನೆಲದಲ್ಲೇ ಹುಟ್ಟಿ ಬೆಳೆದವರು ಜ್ವರದೊಡನೆ ಹೇಗೋ ಹೊಂದಿಕೊಂಡು ಬದುಕುತ್ತಿದ್ದರು. ಹೊಸದಾಗಿ ಬಂದವನು ತರಗೆಲೆಯಂತೆ ಉದುರುತ್ತಿದ್ದ. ಇದರ ನಿದರ್ಶನ ಆಫ್ರಿಕದಲ್ಲಿ ದೊರೆಯುತ್ತದೆ. 1841ರಲ್ಲಿ ಇಂಗ್ಲೆಂಡಿನಿಂದ ಮೂರು ಉಗಿಹಡಗುಗಳು ನೈಜರ್ ನದಿಯನ್ನು ಏರಿ ಹೋದವು. ಹೋದ ಬಿಳಿಯರಲ್ಲಿ ಬಹುಪಾಲು ಜನ ಜ್ವರಕ್ಕೆ ತುತ್ತಾದರು. ನಲವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹದಿಮೂರು ವರ್ಷಗಳ ತರುವಾಯ, 1854ರಲ್ಲಿ, ಬೇಕಿ ಎಂಬ ವೈದ್ಯನ ಮುಂದಾಳತನದಲ್ಲಿ ಇನ್ನೊಂದು ಹಡಗು ಅದೇ ನದಿಯನ್ನೇರಿ, ಹಿಂದಿನವರಿಗಿಂತಲೂ ಒಳನಾಡಿಗೆ ಹೋಗಿ ಬಂತು. ಈ ಸಲ ಬಿಳಿಯನೊಬ್ಬನೂ ಸಾಯಲಿಲ್ಲ. ನದಿ ಬದಲಾಗಿರಲಿಲ್ಲ, ಗಾಳಿ ಬದಲಾಗಿರಲಿಲ್ಲ. ಬೇಕಿ ತನ್ನ ಜನರಿಗೆಲ್ಲ ಜ್ವರ ಬರುವ ಮೊದಲೇ ಪ್ರತಿದಿನ ಕ್ವಿನೈನು ಕುಡಿಸಿದ್ದ, ಬದಲಾದದ್ದು ಇಷ್ಟೇ. ಬಂದ ಮೇಲೆ ಕೊಡುವ ಮದ್ದನ್ನು ಬಾರದಂತೆ ಕೊಡುವ ಈ ಉಪಾಯವೇ ನನ್ನ ಸೋದರಳಿಯ ಕಪಾಟಿಗೆಸೆದ ಮಾತ್ರೆಗಳ ಮೂಲ.

ಕ್ವಿನೈನು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಲ್ಲಿರುವ ಕಹಿಸಾರ. 1820ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಜ್ಞರು ಅದನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಆ ಮರ ನಮ್ಮ ನೆರೆಯ ನೀಲಗಿರಿಯಲ್ಲಿ ಬೇರೂರಿತು. ಮುಂದೆ ಬಂಗಾಳದಲ್ಲಿ ಕ್ವಿನೈನಿನ ಚಿಕ್ಕ ಪೊಟ್ಟಣಗಳು ಅಂಚೆಕಚೇರಿಗಳಲ್ಲಿ ಬಿಡಿಕಾಸಿಗೆ ಸಿಗುತ್ತಿದ್ದವು. ಒಂದು ಮಾತನ್ನು ಇಲ್ಲಿ ಮರೆಯಬಾರದು. ಜನರನ್ನುಳಿಸಿದ ಈ ಮದ್ದೇ ಆಫ್ರಿಕದ ಒಳನಾಡನ್ನು ಆಕ್ರಮಿಸಲು ಯೂರೋಪಿನವರಿಗೆ ಹೆಬ್ಬಾಗಿಲನ್ನು ತೆರೆಯಿತು. ಜ್ವರವು ಅಲ್ಲಿಯವರೆಗೆ ಆ ಖಂಡದ ಕೋಟೆಯಂತಿತ್ತು.

ಮದ್ದು ದೊರೆತರೂ ಕಾರಣ ದೊರೆತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ, ಲೋಕದ ಬೇರೆ ಬೇರೆ ಮೂಲೆಗಳಲ್ಲಿ ದುಡಿಯುತ್ತಿದ್ದ ಕೆಲವರ ಕೈಗೆ ಸತ್ಯದ ತುಣುಕುಗಳು ಒಂದೊಂದಾಗಿ ಸಿಕ್ಕವು. 1877ರಲ್ಲಿ ಚೀನದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯನು ಆನೆಕಾಲು ರೋಗದ ಹುಳುಗಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ಕಂಡ. 1880ರಲ್ಲಿ ಅಲ್ಜೀರಿಯದ ಸೈನಿಕ ಆಸ್ಪತ್ರೆಯೊಂದರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲಿ ಮಿಸುಕಾಡುವ ಜೀವಿಯನ್ನು ಕಂಡ. 1881ರಲ್ಲಿ ಕ್ಯೂಬದ ಕಾರ್ಲೋಸ್ ಫಿನ್ಲೇ ಹಳದಿ ಜ್ವರವನ್ನು ಹರಡುವುದು ಸೊಳ್ಳೆಯೇ ಎಂದು ಹವಾನಾದ ವಿದ್ವತ್ಸಭೆಯಲ್ಲಿ ಸಾರಿದ. ಇಪ್ಪತ್ತು ವರ್ಷಗಳ ಕಾಲ ಯಾರೂ ಅವನ ಮಾತಿಗೆ ಬೆಲೆ ಕೊಡಲಿಲ್ಲ.

ಈ ಕಥೆ ಬೆಂಗಳೂರಿಗೂ ಬರುತ್ತದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ಹರೆಯದ ಸೇನಾವೈದ್ಯ ಬೆಂಗಳೂರು ದಂಡಿನಲ್ಲಿ ಕೆಲಸಕ್ಕೆ ಬಂದ. ಅಲ್ಮೋರದಲ್ಲಿ ಹುಟ್ಟಿದ ಇವನಿಗೆ ವೈದ್ಯಕ್ಕಿಂತ ಕಾವ್ಯ, ಸಂಗೀತ, ಗಣಿತಗಳಲ್ಲೇ ಹೆಚ್ಚು ಒಲವು. ಅವನಿಗೆ ದೊರೆತ ಬಂಗಲೆ ಚೆನ್ನಾಗಿತ್ತು, ಆದರೆ ಸೊಳ್ಳೆಗಳ ಕಾಟ ಹೇಳತೀರದು. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಮರಿಹುಳುಗಳು ಕುಣಿಯುತ್ತಿದ್ದುದು ಕಂಡಿತು. ತೊಟ್ಟಿಯನ್ನು ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಎಲ್ಲ ಕಡೆಯೂ ಹೀಗೆಯೇ ಮಾಡಬಹುದಲ್ಲವೆ ಎಂದು ಮೇಲಿನ ಅಧಿಕಾರಿಯನ್ನು ಕೇಳಿದಾಗ, ಸೊಳ್ಳೆಗಳನ್ನು ಸೃಷ್ಟಿಸಿದುದಕ್ಕೆ ಏನೋ ಉದ್ದೇಶವಿರಬೇಕು, ಪ್ರಕೃತಿಯ ಕ್ರಮವನ್ನು ಕೆಡಿಸದೆ ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬ ಅರ್ಥದ ಉತ್ತರ ಬಂತಂತೆ. ರಾಸ್ ತನ್ನ ಆತ್ಮಕಥನದಲ್ಲಿ ಈ ಪ್ರಸಂಗವನ್ನು ನೆನೆದುಕೊಂಡಿದ್ದಾನೆ. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ಅವನಿಗೂ ತಿಳಿದಿರಲಿಲ್ಲ. ಆದರೆ ಪರಿಹಾರ ಆಗಲೇ ಅವನ ಕೈಯಲ್ಲಿತ್ತು. ರೋಗ ತಿಳಿಯುವ ಮುನ್ನವೇ ಅದರ ಮದ್ದನ್ನು ಅರಿಯದೆ ಮುಟ್ಟಿದ್ದ.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ರಾಸ್ ಮ್ಯಾನ್ಸನ್ನನನ್ನು ಕಂಡ. ಮಲೇರಿಯಾದ ಜೀವಿಯ ಮುಂದಿನ ಬಾಳು ಸೊಳ್ಳೆಯ ಹೊಟ್ಟೆಯಲ್ಲಿರಬೇಕೆಂಬ ಗುರುವಿನ ಊಹೆಯನ್ನು ತಲೆಯಲ್ಲಿ ತುಂಬಿಕೊಂಡು ಭಾರತಕ್ಕೆ ಮರಳಿದ. 1895ರ ಸೆಪ್ಟೆಂಬರಿನಲ್ಲಿ ಕಾಲರಾ ನಿವಾರಣೆಗಾಗಿ ಅವನನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿದರು. 1897ರಲ್ಲಿ ನೀಲಗಿರಿಗೆ ಹೋದವನು ಊಟಿಯ ಕೆಳಗಿನ ಸಿಗೂರು ಘಟ್ಟದಲ್ಲಿ ತಾನೇ ಮಲೇರಿಯಾ ಹಿಡಿಸಿಕೊಂಡ. ಅದೇ ವರ್ಷ ಸಿಕಂದರಾಬಾದಿಗೆ ಮರಳಿ, ಬೇಗಂಪೇಟೆಯ ಚಿಕ್ಕ ಆಸ್ಪತ್ರೆಯಲ್ಲಿ, ಬೇಸಗೆಯ ಧಗೆಯಲ್ಲಿ, ಬೆವರಿನಿಂದ ತುಕ್ಕು ಹಿಡಿದ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡಿದ. ಅಲ್ಲಿಯವರೆಗೆ ತಪ್ಪು ಜಾತಿಯ ಸೊಳ್ಳೆಗಳನ್ನೇ ನೋಡಿದ್ದ. ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಹೊಸ ಬಗೆಯವು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿಸಿಕೊಂಡ ಸೊಳ್ಳೆಗೆ ಒಂದಾಣೆಯಂತೆ ಪಡೆದು, ಪರದೆಯೊಳಗೆ ಮೈಯೊಡ್ಡಿ ಮಲಗಿದ. 1897ರ ಆಗಸ್ಟ್ 20ರಂದು ಉಳಿದಿದ್ದ ಕೊನೆಯ ಸೊಳ್ಳೆಗಳನ್ನು ಸೀಳಿದಾಗ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿಂದ ಕೂಡಿದ ದುಂಡು ಕೋಶಗಳು ಕಂಡವು. ಅಂದು ರಾತ್ರಿ ರಾಸ್ ಕವಿತೆ ಬರೆದನೆಂಬುದು ಹೆಸರಾದ ಸಂಗತಿ. ಹುಸೇನ್ ಖಾನನಿಗೆ ಆಮೇಲೆ ಏನಾಯಿತೆಂದು ಯಾರೂ ಬರೆದಂತೆ ಕಾಣೆ. ಚರಿತ್ರೆಯಲ್ಲಿ ರಕ್ತ ಕೊಟ್ಟವನ ಪಾಲು ಹೆಚ್ಚಾಗಿ ಅಷ್ಟಕ್ಕೇ ಮುಗಿಯುತ್ತದೆ.

ಮರುವರ್ಷ ಕಲ್ಕತ್ತದಲ್ಲಿ, ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸುತ್ತ, ರಾಸ್ ಆ ಜೀವಿಗಳು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುವುದನ್ನು ಕಂಡುಕೊಂಡ. ಅಂದರೆ ಜ್ವರದ ಬೀಜ ದೇಹವನ್ನು ಸೇರುವುದು ಕಡಿತದ ಮೂಲಕ. ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೆಂಬುದನ್ನು ಅದೇ 1898ರಲ್ಲಿ ಇಟಲಿಯ ಗ್ರಾಸಿ ಮತ್ತು ಅವನ ಜೊತೆಗಾರರು ಸಿದ್ಧಪಡಿಸಿದರು. 1902ರಲ್ಲಿ ರಾಸ್‌ಗೆ ನೊಬೆಲ್ ಬಹುಮಾನ ದೊರೆಯಿತು. ಯಾರು ಮೊದಲು ಎಂಬ ಜಗಳ ಇಬ್ಬರ ಬಾಳನ್ನೂ ಕಹಿ ಮಾಡಿತು.

ಪಯಣಿಗರ ದೃಷ್ಟಿಯಿಂದ ನನಗೆ ಇದಕ್ಕಿಂತಲೂ ಪ್ರಿಯವಾದದ್ದು 1900ರ ಎರಡು ಪ್ರಯೋಗಗಳು. ಎರಡನ್ನೂ ಏರ್ಪಡಿಸಿದವನು ಮ್ಯಾನ್ಸನ್. ರೋಮಿನ ಬಳಿಯ ಆಸ್ಟಿಯಾದ ಜೌಗುಪ್ರದೇಶ ಮಲೇರಿಯಾಕ್ಕೆ ಕುಖ್ಯಾತ. ಅಲ್ಲಿ ಬಾಗಿಲು ಕಿಟಕಿಗಳಿಗೆಲ್ಲ ಸೊಳ್ಳೆಬಲೆ ಹೊದಿಸಿದ ಮರದ ಮನೆಯೊಂದನ್ನು ಕಟ್ಟಿಸಿ ಲೋ ಮತ್ತು ಸಾಂಬೋನ್ ಎಂಬ ವೈದ್ಯರು ಬೇಸಗೆಯಿಂದ ಅಕ್ಟೋಬರಿನವರೆಗೆ ವಾಸವಾಗಿದ್ದರು. ಹಗಲೆಲ್ಲ ಜನರ ನಡುವೆ ಓಡಾಡಿದರು, ಅದೇ ಗಾಳಿಯನ್ನು ಉಸಿರಾಡಿದರು, ಕ್ವಿನೈನು ಮುಟ್ಟಲಿಲ್ಲ. ಅವರ ನೇಮ ಒಂದೇ, ಹೊತ್ತು ಮುಳುಗುವ ಮುನ್ನ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುವುದು. ಸುತ್ತಲಿನ ಜನ ಜ್ವರದಿಂದ ನಡುಗುತ್ತಿದ್ದರೂ ಅವರಿಗೆ ಏನೂ ಆಗಲಿಲ್ಲ. ಎರಡನೆಯದು ಇದರ ಮಗ್ಗುಲು. ರೋಮಿನಲ್ಲಿ ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಲಂಡನ್ನಿಗೆ ತರಿಸಿ ಮ್ಯಾನ್ಸನ್ ತನ್ನ ಮಗನ ಕೈಗೇ ಕಚ್ಚಿಸಿದ. ಜೌಗುನೆಲವನ್ನು ಕಾಣದ ಆ ತರುಣ ಲಂಡನ್ನಿನಲ್ಲೇ ಚಳಿಜ್ವರ ಬಂದು ಮಲಗಿದ. ಸೊಳ್ಳೆ ಕಚ್ಚದಿದ್ದರೆ ಜ್ವರದ ನಾಡಿನಲ್ಲಿಯೂ ಜ್ವರವಿಲ್ಲ. ಕಚ್ಚಿದರೆ ಜ್ವರವಿಲ್ಲದ ನಾಡಿನಲ್ಲಿಯೂ ಉಂಟು. ಇಷ್ಟು ಸರಳವಾದ ನಿಜಕ್ಕಾಗಿ ಮನುಷ್ಯ ಎರಡು ಸಾವಿರ ವರ್ಷ ಗಾಳಿಯನ್ನು ಬೈದಿದ್ದ.

ಈ ನಿಜ ತಿಳಿಯದೆ ಹೋದದ್ದರ ಬೆಲೆಯೆಷ್ಟೆಂಬುದಕ್ಕೆ ಪನಾಮಾ ಸಾಕ್ಷಿ. ಸೂಯೆಜ್ ಕಾಲುವೆ ತೋಡಿಸಿ ಕೀರ್ತಿ ಗಳಿಸಿದ್ದ ಲೆಸೆಪ್ಸನ ಕಂಪನಿ 1881ರಲ್ಲಿ ಪನಾಮಾದಲ್ಲಿ ಅಗೆತ ತೊಡಗಿತು. 1889ರಲ್ಲಿ ದಿವಾಳಿಯೆದ್ದು ನಿಲ್ಲುವ ಹೊತ್ತಿಗೆ 20,000ಕ್ಕೂ ಹೆಚ್ಚು ಜನ ಸತ್ತಿದ್ದರೆಂದು ಅಂದಾಜು. ಹಳದಿ ಜ್ವರ ಮತ್ತು ಮಲೇರಿಯಾಗಳೇ ಮುಖ್ಯ ಕಾರಣ. ಅಲ್ಲಿನ ಮುಖ್ಯಾಧಿಕಾರಿಯಾಗಿದ್ದ ಡಿಂಗ್ಲರ್, ಕುಡುಕರು ಮತ್ತು ನಡತೆಗೆಟ್ಟವರಿಗೆ ಮಾತ್ರ ಈ ಜ್ವರ ಬರುತ್ತದೆಂದು ನಂಬಿದ್ದನಂತೆ. ಒಂದು ವರ್ಷದ ಆಸುಪಾಸಿನಲ್ಲಿ ಅವನು ಮಗಳು, ಮಗ, ಭಾವೀ ಅಳಿಯ, ಕಡೆಗೆ ಹೆಂಡತಿ, ಹೀಗೆ ಎಲ್ಲರನ್ನೂ ಹಳದಿ ಜ್ವರಕ್ಕೆ ಒಪ್ಪಿಸಿದ. ಕಂಪನಿಯ ಆಸ್ಪತ್ರೆ ಚೆಲುವಾಗಿತ್ತು, ಸುತ್ತ ಹೂದೋಟ. ಎಲೆ ಕತ್ತರಿಸುವ ಇರುವೆಗಳಿಂದ ಗಿಡಗಳನ್ನು ಕಾಯಲೆಂದು ಬುಡದ ಸುತ್ತ ನೀರಿನ ತಟ್ಟೆಗಳನ್ನಿಟ್ಟಿದ್ದರು. ರೋಗಿಗಳ ಮೇಲೆ ಇರುವೆ ಹತ್ತದಿರಲೆಂದು ಮಂಚದ ಕಾಲುಗಳ ಕೆಳಗೂ ನೀರಿನ ಬಟ್ಟಲುಗಳು. ಕಿಟಕಿಗೆ ಬಲೆಯಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವಂತೆಯೇ ಅದು ಸದುದ್ದೇಶದ ಕೆಲಸ. ಆ ಬಟ್ಟಲುಗಳಲ್ಲಿ ಸೊಳ್ಳೆ ಹುಟ್ಟಿ, ಒಬ್ಬ ರೋಗಿಯಿಂದ ಪಕ್ಕದ ಮಂಚದವನಿಗೆ ಸಾವನ್ನು ಹೊತ್ತವು. ಕಾಲುಮುರಿದು ಬಂದವನು ಜ್ವರದಿಂದ ಸತ್ತ.

ಹವಾನಾದಲ್ಲಿ 1900ರಲ್ಲಿ ವಾಲ್ಟರ್ ರೀಡ್‌ನ ತಂಡ ಫಿನ್ಲೇಯ ಹಳೆಯ ಮಾತನ್ನು ಪರೀಕ್ಷೆಗೆ ಒಡ್ಡಿತು. ತಂಡದ ಲೇಜಿಯರ್ ಎಂಬ ತರುಣ ವೈದ್ಯ ಹಳದಿ ಜ್ವರ ತಗಲಿ ಸೆಪ್ಟೆಂಬರ್ 25ರಂದು ತೀರಿಕೊಂಡ. ಆಮೇಲೆ ಅವನ ಹೆಸರಿಟ್ಟ ಶಿಬಿರದಲ್ಲಿ ಎರಡು ಮನೆಗಳನ್ನು ಕಟ್ಟಿದರು. ಒಂದರಲ್ಲಿ, ಸತ್ತ ರೋಗಿಗಳ ವಾಂತಿ ಮಲಮೂತ್ರಗಳಿಂದ ಹೊಲಸಾದ ಹಾಸಿಗೆ ಬಟ್ಟೆಗಳ ಮೇಲೆ ಸ್ವಯಂಸೇವಕರು ಇಪ್ಪತ್ತು ರಾತ್ರಿ ಮಲಗಿದರು. ಒಬ್ಬನಿಗೂ ಜ್ವರ ಬರಲಿಲ್ಲ. ಇನ್ನೊಂದು ಶುಭ್ರವಾದ ಮನೆ. ನಡುವೆ ಬಲೆಯ ತಡಿಕೆ. ತಡಿಕೆಯ ಒಂದು ಬದಿಯಲ್ಲಿ ಸೋಂಕಿದ ಸೊಳ್ಳೆಗಳಿದ್ದವು, ಇನ್ನೊಂದು ಬದಿಯಲ್ಲಿ ಇರಲಿಲ್ಲ. ಸೊಳ್ಳೆಯ ಬದಿಯಲ್ಲಿ ಮಲಗಿದವನಿಗೆ ಜ್ವರ ಬಂತು. ಹೊಲಸಿಗೆ ಹೇಸುವ ನಮ್ಮ ಮನಸ್ಸು ಶುಭ್ರವಾದ ನೀರನ್ನು ಸಂಶಯಿಸುವುದಿಲ್ಲವೆಂಬುದೇ ಇಲ್ಲಿನ ಪಾಠ. ಅಲ್ಲಿಂದ ಗೋರ್ಗಸ್ ಎಂಬ ಸೇನಾವೈದ್ಯ ಹವಾನಾದ ತೊಟ್ಟಿ ಹಂಡೆಗಳನ್ನೆಲ್ಲ ಮುಚ್ಚಿಸಿ, ಎಣ್ಣೆ ಸುರಿಸಿ, 1901ರಲ್ಲಿ ಊರನ್ನು ಹಳದಿ ಜ್ವರದಿಂದ ಬಿಡಿಸಿದ. 1904ರಿಂದ ಪನಾಮಾದಲ್ಲಿಯೂ ಅದನ್ನೇ ಮಾಡಿದ. ಕೊಳಾಯಿ ನೀರು ತರಿಸಿ ಪೀಪಾಯಿಗಳ ಅಗತ್ಯವನ್ನೇ ತಪ್ಪಿಸಿದ. ಪನಾಮಾ ನಗರದಲ್ಲಿ 1905ರ ನವೆಂಬರಿನಲ್ಲಿ ಹಳದಿ ಜ್ವರದ ಸರಣಿ ನಿಂತಿತು; 1914ರಲ್ಲಿ ಕಾಲುವೆ ತೆರೆಯಿತು.

ನಮ್ಮ ನಾಡಿನ ಅನುಭವವೂ ಭಿನ್ನವಲ್ಲ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿದಾಗ ಬತ್ತ ಕಬ್ಬುಗಳೊಡನೆ ಮಲೇರಿಯಾವೂ ಬಂತು. ನಾಲೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾಲಕ್ಕೆ ಜನ ಆ ಜ್ವರವನ್ನು ಮರೆತಿದ್ದರು. ಮಲೆನಾಡಿನ ಗುಟ್ಟು ಬೇರೆ. ಅಲ್ಲಿ ಮಲೇರಿಯಾ ಹರಡುತ್ತಿದ್ದ ಸೊಳ್ಳೆ ಕೊಳಚೆಯದಲ್ಲ. ಕಾಡಿನ ನಡುವೆ ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳದ ಅಂಚಿನಲ್ಲಿ, ಹುಲ್ಲಿನ ನೆರಳಿನಲ್ಲಿ ಮರಿಯಿಡುವಂಥದು. ನಮ್ಮ ಕವಿಗಳು ಹಾಡಿ ಹೊಗಳಿದ ಹಳ್ಳವೇ ಊರನ್ನು ಬರಿದುಮಾಡುತ್ತಿತ್ತು. 1946ರಲ್ಲಿ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರ ಮೇಲ್ವಿಚಾರಣೆಯಲ್ಲಿ ಮನೆಮನೆಯ ಗೋಡೆಗೂ ಡಿಡಿಟಿ ಸಿಂಪಡಿಸಿದರು. ಹಳ್ಳಿಗಾಡಿನ ಮಲೇರಿಯಾವನ್ನು ಹೀಗೆ ಅಡಗಿಸಲು ದೇಶದಲ್ಲಿ ನಡೆದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಫಲ ಕಣ್ಣಿಗೆ ಕಾಣುವಷ್ಟಿತ್ತು.

ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ನಿಯಂತ್ರಣದ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನದ ಕಾರ್ಯಕ್ರಮ ಆರಂಭವಾದವು. ನಾನು ಚಿಕ್ಕವನಿದ್ದಾಗ ಖಾಕಿ ಅಂಗಿಯ ಜನ ಪಂಪು ಹೊತ್ತು ಬರುತ್ತಿದ್ದುದು, ಅಜ್ಜಿ ದೇವರ ಪಟಗಳನ್ನು ಅವಸರದಿಂದ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದುದು, ಸಿಂಪಡಿಸಿದ ತಾರೀಖನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆದು ಹೋಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದೆ. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದುಕೊಂಡೆವು, ಕೈ ಸಡಿಲವಾಯಿತು. ಸೊಳ್ಳೆಗೆ ಡಿಡಿಟಿ ಒಗ್ಗಿತು, ರೋಗಾಣುವಿಗೆ ಕ್ಲೋರೋಕ್ವಿನ್ ಒಗ್ಗತೊಡಗಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ದಾಟಿತು. 1990ರ ದಶಕದಲ್ಲಿ ಮಂಗಳೂರಿನಲ್ಲಿ ಎತ್ತರದ ಕಟ್ಟಡಗಳು ಏಳತೊಡಗಿದಾಗ, ದೂರದೂರದಿಂದ ಬಂದ ಕೂಲಿಕಾರರ ನಡುವೆ, ಕಟ್ಟಡಗಳ ನೀರಿನ ತೊಟ್ಟಿಗಳಲ್ಲಿ, ಮಲೇರಿಯಾ ಮತ್ತೆ ಮನೆಮಾಡಿತು. ಮತ್ತೆ ಅದೇ ತೊಟ್ಟಿ, ಅದೇ ಪಯಣಿಗ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಪಯಣಿಗ ಜ್ವರಕ್ಕೆ ಬಲಿಯಾಗುವವನು ಮಾತ್ರವಲ್ಲ, ಜ್ವರವನ್ನು ಹೊತ್ತು ತರುವವನೂ ಅವನೇ. ಹಳದಿ ಜ್ವರವೂ ಅದನ್ನು ಹರಡುವ ಈಡಿಸ್ ಸೊಳ್ಳೆಯೂ ಗುಲಾಮರನ್ನು ತುಂಬಿದ ಹಡಗುಗಳಲ್ಲಿ, ನೀರಿನ ಪೀಪಾಯಿಗಳೊಡನೆ, ಆಫ್ರಿಕದಿಂದ ಅಮೆರಿಕಕ್ಕೆ ಹೋದವು. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ 2005ರಲ್ಲಿ ಹಬ್ಬಿದ ಚಿಕೂನ್‌ಗುನ್ಯ ಅದೇ ಹೊತ್ತಿಗೆ ನಮ್ಮಲ್ಲಿಯೂ ತಲೆಯೆತ್ತಿ, 2006ರಲ್ಲಿ ಕರ್ನಾಟಕವೊಂದರಲ್ಲೇ ಶಂಕಿತ ರೋಗಿಗಳ ಸಂಖ್ಯೆ ಏಳು ಲಕ್ಷ ದಾಟಿತು. ಊರಿಗೆ ಊರೇ ಕೀಲು ಹಿಡಿದು ಬಾಗಿ ನಡೆದುದನ್ನು ನಾವೆಲ್ಲ ಕಂಡಿದ್ದೇವೆ. ಭಾರತದಲ್ಲಿ ಹಳದಿ ಜ್ವರ ಇಂದಿನವರೆಗೆ ಬಂದಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಮನೆಯ ಹೂಕುಂಡದ ತಟ್ಟೆಯಲ್ಲೇ ಇದೆ. ಸೋಂಕು ಹೊತ್ತ ಒಬ್ಬ ಪಯಣಿಗ ಬಂದರೆ ಸಾಕು. ಪ್ರಮಾಣಪತ್ರವಿಲ್ಲದೆ ಆ ನಾಡುಗಳಿಂದ ಬರುವವರನ್ನು ಆರು ದಿನ ಪ್ರತ್ಯೇಕವಾಗಿರಿಸುವ ನಿಯಮ ಕಟುವೆನಿಸಿದರೂ ಅದರ ಹಿಂದಿರುವುದು ಈ ಭಯ. 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ರೂಪಿಸಿದ ಲಸಿಕೆಯ ಒಂದೇ ಚುಚ್ಚು ಬಾಳಿಡೀ ಕಾಯುತ್ತದೆ. ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಹೊರಡುವ ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ.

ಮಲೇರಿಯಾಕ್ಕೆ ಪಯಣಿಗರು ಹಾಕಿಸಿಕೊಳ್ಳಬಹುದಾದ ಲಸಿಕೆ ಇಲ್ಲ. 2021ರಲ್ಲಿ ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಎರಡು ಲಸಿಕೆಗಳು ಮಲೇರಿಯಾದ ನಾಡುಗಳ ಮಕ್ಕಳಿಗಾಗಿ. 2023ರಲ್ಲಿ ಲೋಕದಲ್ಲಿ ಮಲೇರಿಯಾದಿಂದ ಸುಮಾರು ಆರು ಲಕ್ಷ ಜನ ಸತ್ತರು. ಅವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಆಫ್ರಿಕದವರು, ಬಹುಪಾಲು ಐದು ವರ್ಷ ತುಂಬದ ಮಕ್ಕಳು. ಪಯಣಿಗನಿಗೆ ಉಳಿದಿರುವುದು ಬೇಕಿಯ ಉಪಾಯ ಮತ್ತು ಆಸ್ಟಿಯಾದ ಮನೆಯ ಉಪಾಯ. ಹೋಗುವ ನಾಡನ್ನು ವೈದ್ಯರಿಗೆ ತಿಳಿಸಿ, ಅಲ್ಲಿಗೆ ತಕ್ಕ ಮಾತ್ರೆಯನ್ನು ಹೊರಡುವ ಮೊದಲೇ ಆರಂಭಿಸಬೇಕು; ಮರಳಿದ ಮೇಲೆ, ಮಾತ್ರೆಯ ಬಗೆಯನ್ನನುಸರಿಸಿ, ಒಂದು ವಾರವೋ ನಾಲ್ಕು ವಾರವೋ ಮುಂದುವರಿಸಬೇಕು. ಏಕೆಂದರೆ ಕೊನೆಯ ರಾತ್ರಿ ಕಚ್ಚಿದ ಸೊಳ್ಳೆ ಬಿಟ್ಟ ಬೀಜ ಕೆಲ ದಿನ ಪಿತ್ತಜನಕಾಂಗದಲ್ಲಿ ಅಡಗಿ ಬೆಳೆದು ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಹುಡುಗನ ‘ಊರು ಮುಟ್ಟಿದ ಮೇಲೆ ಇನ್ನೇತರ ಮಾತ್ರೆ’ ಎಂಬ ಪ್ರಶ್ನೆಗೆ ಉತ್ತರ ಇದು. ಊರು ಮುಟ್ಟಿದವನು ಅವನೊಬ್ಬನೇ ಆಗಿರಲಿಲ್ಲ.

ಸೊಳ್ಳೆಗಳಿಗೆ ಹೊತ್ತುಗೊತ್ತುಂಟು. ಮಲೇರಿಯಾದ ಅನಾಫಿಲಿಸ್ ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಅದಕ್ಕೆ ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯೇ ಪರಮೌಷಧ. ಡೆಂಗ್ಯೂ, ಚಿಕೂನ್‌ಗುನ್ಯ, ಜೀಕಾ, ಹಳದಿ ಜ್ವರಗಳ ಈಡಿಸ್ ಹಗಲಿನಲ್ಲಿ, ಅದರಲ್ಲೂ ಬೆಳಗು ಬೈಗುಗಳಲ್ಲಿ ಕಚ್ಚುತ್ತದೆ. ರಾತ್ರಿ ಪರದೆ ಕಟ್ಟಿ ಹಗಲು ಅರೆತೋಳಿನಲ್ಲಿ ಅಲೆಯುವವನು ಬಾಗಿಲು ಭದ್ರಪಡಿಸಿ ಹಿತ್ತಿಲು ತೆರೆದಿಟ್ಟಂತೆ. ತಿಳಿಬಣ್ಣದ ತುಂಬುತೋಳಿನ ಉಡುಪು, ಮೈಗೆ ಹಚ್ಚುವ ಸೊಳ್ಳೆ ನಿವಾರಕ, ಬಲೆಯಿರುವ ಕೋಣೆ, ಇಷ್ಟು ಹಗಲಿಗೂ ಬೇಕು. ಮರಳಿದ ಮೇಲೆ ಜ್ವರ ಬಂದರೆ, ಅದು ಒಂದು ವಾರಕ್ಕೆ ಬರಲಿ, ತಿಂಗಳುಗಳ ಮೇಲೆ ಬರಲಿ, ವೈದ್ಯರು ಕೇಳುವ ಮುನ್ನವೇ ‘ನಾನು ಇಂಥ ನಾಡಿನಿಂದ ಬಂದವನು’ ಎಂದು ಹೇಳಬೇಕು. ರಕ್ತಪರೀಕ್ಷೆಗೆ ಅಂದೇ ಹೋಗಬೇಕು, ನಾಳೆಗೆ ಮುಂದೂಡಬಾರದು.

ಇನ್ನೊಂದು ಎಚ್ಚರಿಕೆ. ಮಲೇರಿಯಾದ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಮೇಲಿಂದ ಮೇಲೆ ಬಂದ ಜ್ವರ ಅರೆಬರೆ ರಕ್ಷಣೆ ಕೊಟ್ಟಿರುತ್ತದೆ. ಹೊರನಾಡಿನಲ್ಲಿ ಕೆಲವು ವರ್ಷ ಕಳೆದರೆ ಅದು ಕರಗಿಹೋಗುತ್ತದೆ. ‘ನಾನು ಇಲ್ಲಿಯವನೇ, ನನಗೇನಾದೀತು?’ ಎಂದು ತವರಿಗೆ ಮರಳುವವನೇ ಪರದೇಶದ ಪ್ರವಾಸಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ಅವನು ಎಚ್ಚರ ವಹಿಸುವುದಿಲ್ಲ. ರಜೆಗೆಂದು ಮಕ್ಕಳೊಡನೆ ಊರಿಗೆ ಬರುವ ನಮ್ಮ ಹೊರನಾಡಿನ ಬಂಧುಗಳು ಇದನ್ನು ನೆನಪಿಡಬೇಕು. ನೆಲ ಅವರನ್ನು ಗುರುತಿಸಬಹುದು, ರಕ್ತ ಗುರುತಿಸುವುದಿಲ್ಲ.

ಆಸ್ಪತ್ರೆಯಿಂದ ಹುಡುಗ ಮನೆಗೆ ಬಂದ ದಿನ ನಾನು ನೋಡಲು ಹೋಗಿದ್ದೆ. ತಂಗಿ ಕಾಫಿ ತಂದಿಟ್ಟು, ‘ಅಣ್ಣಾ, ಆ ಡಾಕ್ಟರಮ್ಮ ಎರಡನೆಯ ಸಲ ಕೇಳದಿದ್ದರೆ ಏನಾಗುತ್ತಿತ್ತು?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹೊರಗೆ ಹದವಾದ ಮಳೆ ಹಿಡಿದಿತ್ತು. ಹಿತ್ತಿಲಿಗೆ ಹೋಗಿ ನೋಡಿದೆ. ತುಳಸಿಕಟ್ಟೆಯ ಮಗ್ಗುಲಲ್ಲಿ ಹಳೆಯ ಬಕೀಟೊಂದು ಅರ್ಧ ತುಂಬಿತ್ತು. ಬಾಗಿ ನೋಡಿದರೆ ನೀರಿನಲ್ಲಿ ಸಣ್ಣ ಹುಳುಗಳು ಮೇಲಕ್ಕೂ ಕೆಳಕ್ಕೂ ತುಯ್ಯುತ್ತಿದ್ದವು. ಕಾಲಿನಿಂದ ತಳ್ಳಿ ಬೋರಲು ಹಾಕಿದೆ. ಬೆಂಗಳೂರಿನ ದಂಡಿನಲ್ಲಿ 1883ರಲ್ಲಿ ಒಬ್ಬ ಮಾಡಿದ ಕೆಲಸ ಅದು. ವಾರಕ್ಕೊಮ್ಮೆ ನಮ್ಮಲ್ಲಿ ಪ್ರತಿಯೊಬ್ಬನೂ ಮಾಡಬೇಕಾಗಿ ಉಳಿದಿರುವ ಕೆಲಸವೂ ಅದೇ.